ಎಂಬತ್ತರಲ್ಲಿ ನಿಂತ ಮುಳ್ಳು

ಮೊನ್ನೆ ಶುಕ್ರವಾರ ಬೆಳಿಗ್ಗೆ, ಇವತ್ತು ನಾನು ಸಾಯುವುದು ಖಂಡಿತ ಎಂದು ನನಗೆ ಅನಿಸಿದ ಹೊತ್ತಿನಲ್ಲಿ ಕಾರಿನ ಸ್ಪೀಡೋಮೀಟರಿನ ಮುಳ್ಳು ಎಂಬತ್ತರಲ್ಲಿತ್ತು.

ಬರೀ ಎಂಬತ್ತು. ಕತಾರಿನಲ್ಲಿ ಎಂಬತ್ತಕ್ಕೆ ಯಾರಾದರೂ ಹೆದರುತ್ತಾರೆಯೇ? ಇಲ್ಲಿ ಹೈವೇಯಲ್ಲಿ ಎಂಬತ್ತರಲ್ಲಿ ಹೋದರೆ ಹಿಂದಿನಿಂದ ಒಂದು ದೊಡ್ಡ ಬಿಳಿ ಗಾಡಿ ಬಂದು, ಲೈಟ್ ಹೊಡೆದು ಹೊಡೆದು ನಿಮ್ಮನ್ನು ಬಲಗಡೆಯ ಲೇನಿಗೆ ಅಟ್ಟುತ್ತದೆ.

ಕಾರಿನ ಕಥೆ ಮೊದಲು ಹೇಳಬೇಕು. ನನ್ನ ಗಂಡನಿಗೆ ಅಮೆರಿಕದ ಹಳೇ ಮಸಲ್ ಕಾರುಗಳ ಹುಚ್ಚು. (ಉದ್ದ ಮೂತಿ, ಎರಡೇ ಬಾಗಿಲು, ಸ್ಟಾರ್ಟ್ ಮಾಡಿದರೆ ಮೂರನೇ ಮನೆಯ ಮಗು ಎದ್ದು ಅಳುವಷ್ಟು ಸದ್ದು. ಅಂಥವು.) ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಹಳದಿ ಕಾರು ಅಲ್ ರಯ್ಯಾನಿನ ನಮ್ಮ ಮನೆಯ ಕಂಪೌಂಡಿಗೆ ಬಂದು ನಿಂತಿತು. ಮಗಳು ಶ್ರಾವ್ಯ ಫೋಟೋ ಹೊಡೆದಳು. ನಾನು ಬ್ರೇಕ್ ಹೇಗಿದೆ ಎಂದು ಕೇಳಿದೆ.

ಬ್ರೇಕ್ ಇತ್ತು, ಹೆಸರಿಗೆ. ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳನ್ನು ಹಿಡಿದುಕೊಂಡು ಎಂಜಿನ್ನಿನ ಶಕ್ತಿಯನ್ನು ಅವಕ್ಕೆ ಹಂಚುವ ಆ ದಪ್ಪ ಕಬ್ಬಿಣದ ಅಡ್ಡಭಾಗ, ಸವೆದು ಗೊರಗೊರ ಎನ್ನುತ್ತಿತ್ತು. ಬ್ರೇಕ್ ಒತ್ತಿದರೆ ಕಾರು ಸ್ವಲ್ಪ ಯೋಚನೆ ಮಾಡಿ ನಿಲ್ಲುತ್ತಿತ್ತು. ಇದರಲ್ಲಿ ನಾನು ಕೂರುವುದಿಲ್ಲ ಎಂದುಬಿಟ್ಟೆ.

ತಪ್ಪಿದ್ದೇ ಅಲ್ಲಿ ನೋಡಿ. ನನ್ನ ಹೆದರಿಕೆ ಓಡಿಸಲೆಂದೇ ಇವರು ಹೊಸ ಆಕ್ಸಲ್ ಹುಡುಕಲು ಹೊರಟರು. ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಉಳ್ಳಾಲದ ಹಮೀದ್ ಇವರ ಹಳೇ ದೋಸ್ತಿ. ಅದೇ ಕಂಪನಿಯ ತೀರಾ ಈಚಿನ ಮಾಡೆಲೊಂದು ಆಕ್ಸಿಡೆಂಟಾಗಿ ಗುಜರಿಗೆ ಬಂದಿತ್ತು. ಅದರ ಹಿಂದಿನ ಆಕ್ಸಲ್ ಡಿಸ್ಕ್ ಬ್ರೇಕ್ ಸಮೇತ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿಸಿ ತಂದರು. ಆಮೇಲೆ ಎಷ್ಟು ಶುಕ್ರವಾರಗಳು! ನಾನು ಚಹಾ ಮಾಡಿದೆ, ಅವರಿಬ್ಬರು ಕಾರಿನಡಿ ಮಲಗಿದರು. ವೆಲ್ಡಿಂಗ್ ಆಯಿತು, ಬ್ರೇಕ್ ಪೈಪ್ ಬದಲಾಯಿತು, ಕೊನೆಗೆ ಕಾರನ್ನು ರಿಕವರಿ ಗಾಡಿಯ ಮೇಲೆ ಹೇರಿ ಬ್ರೇಕ್ ಪರೀಕ್ಷೆಯನ್ನೂ ಪಾಸ್ ಮಾಡಿಸಿ ತಂದರು. ಗ್ರೀಸ್ ಮೆತ್ತಿದ ಮುಖದಲ್ಲಿ ಇವರು ಅಷ್ಟು ಖುಷಿಯಾಗಿದ್ದುದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಕಡಿಮೆ.

ಇವರು ಹಮದ್ ಬಂದರಿನಲ್ಲಿ ಸೇಫ್ಟಿ ಆಫೀಸರ್. ಅಲ್ಲಿ ಒಂದು ನಿಯಮವಿದೆಯಂತೆ. ಕೆಲಸದವನೊಬ್ಬನಿಗೆ ಹೆದರಿಕೆಯಾಗಿ ಕೈ ಎತ್ತಿದರೆ ಕೆಲಸ ನಿಲ್ಲಬೇಕು. ಯಾಕೆ ಎಂದು ಆಮೇಲೆ ಕೇಳುವುದು, ಮೊದಲು ನಿಲ್ಲಿಸುವುದು. ಅದೇ ನಿಯಮವನ್ನು ನನಗೂ ಕೊಟ್ಟರು. ಒಂದು ಟ್ರಿಪ್ ಪಕ್ಕದಲ್ಲಿ ಕೂತು ಬಾ, ನಿಲ್ಲಿಸಿ ಎಂದರೆ ನಿಲ್ಲಿಸುತ್ತೇನೆ, ಹೆದರಿಕೆ ಹೋಗಲಿಲ್ಲವೆಂದರೆ ಕಾರು ಮಾರುತ್ತೇನೆ, ಖಲಾಸ್ ಎಂದರು.

ಈಗ ಹೇಳಿ, ನನ್ನ ಒಂದು ಮಾತಿನಲ್ಲಿ ಆ ಎರಡು ವರ್ಷದ ಖುಷಿ ಗುಜರಿಗೆ ಹೋಗುತ್ತದೆ ಎಂದಾದರೆ ನಿಲ್ಲಿಸಿ ಎನ್ನಲು ಬಾಯಿ ಸುಲಭವಾಗಿ ಬರುತ್ತದೆಯೇ?

ದುಖಾನ್ ಕಡೆಯ ರಸ್ತೆ ಹಿಡಿದೆವು. ಶ್ರಾವ್ಯ ನಮ್ಮ ಮನೆಯ ಮಾಮೂಲಿ ಕಾರಿನಲ್ಲಿ ಹಿಂದೆ. ಏನಾದರೂ ಕೆಟ್ಟರೆ ಇರಲಿ ಎಂದು.

ಮೊದಲು ಎಲ್ಲ ಚೆನ್ನಾಗಿತ್ತು. ಊರು ದಾಟಿದ ಮೇಲೆ ದೀಪದ ಕಂಬಗಳು ಒಂದರ ಹಿಂದೆ ಒಂದು ಬಹಳ ಬೇಗ ಬರುತ್ತಿದ್ದವು. ಕಿಟಕಿಯ ರಬ್ಬರ್ ಸಿಳ್ಳೆ ಹಾಕುತ್ತಿತ್ತು. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ನಿಧಾನ ಹೋಗಿ ಎಂದೆ. (ಮನೆಯಲ್ಲಿ ನಾವು ಮಾತಾಡುವುದು ತುಳು. ನಿಮಗೋಸ್ಕರ ಕನ್ನಡ ಮಾಡಿದ್ದೇನೆ.)

"ಎಂಬತ್ತು ಮಾರಾಯ್ತಿ. ಮೀಟರ್ ನೋಡು."

ನೋಡಿದೆ. ಎಂಬತ್ತೇ. ಇನ್ನೇನು ವಾದ ಮಾಡುವುದು? ನನ್ನ ತಲೆಯೇ ಕೆಟ್ಟಿರಬೇಕು ಅಂದುಕೊಂಡೆ. ವಯಸ್ಸು, ಬಿಪಿ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೊರಟದ್ದು, ಎಲ್ಲವನ್ನೂ ಬೈದುಕೊಂಡೆ. ಆದರೆ ಒಂದು ವಿಷಯ ತಲೆಯಿಂದ ಹೋಗಲಿಲ್ಲ. ಇಷ್ಟು ದೂರ ಬಂದರೂ ಒಂದೇ ಒಂದು ಬಿಳಿ ಗಾಡಿ ಕೂಡ ಲೈಟ್ ಹೊಡೆದು ನಮ್ಮನ್ನು ಅಟ್ಟಲಿಲ್ಲವಲ್ಲ, ಯಾಕೆ?

ಮುಂದೆ ರಸ್ತೆ ಕೆಲಸ. ಮಿತಿ ಎಂಬತ್ತು ಎಂಬ ಬೋರ್ಡು. ಇವರು ಶಿಸ್ತಿನ ಮನುಷ್ಯ, ಮುಳ್ಳನ್ನು ಎಪ್ಪತ್ತೈದಕ್ಕೆ ಇಳಿಸಿದರು. ಆದರೂ ರಸ್ತೆ ಬದಿಯ ವೇಗ ಹಿಡಿಯುವ ಕ್ಯಾಮೆರಾ ಫಳ್ ಎಂದಿತು. ಬೇರೆ ಯಾರಿಗೋ ಇರಬೇಕು ಎಂದರು. ನಾನು ತಿರುಗಿ ನೋಡಿದೆ. ಅಕ್ಕಪಕ್ಕ, ಹಿಂದೆ ಮುಂದೆ ಯಾರೂ ಇರಲಿಲ್ಲ. ಶ್ರಾವ್ಯಳ ಕಾರು ಕೂಡ ಕಾಣಿಸಲಿಲ್ಲ.

"ನಿಲ್ಲಿಸಿ ಮಾರಾಯ್ರೆ," ಎಂದೆ. ಇವರು ಬೆರಳಿನಿಂದ ಮೀಟರನ್ನು ಎರಡು ಸಲ ತಟ್ಟಿ ತೋರಿಸಿದರು.

ಅಷ್ಟರಲ್ಲಿ ಡೈವರ್ಷನ್ ಬಂತು. ಕಾಂಕ್ರೀಟ್ ತಡೆಗಳ ನಡುವೆ ಎಡಕ್ಕೆ ತಿರುವು, ರಸ್ತೆಯ ಮೇಲೆ ತೆಳ್ಳಗೆ ಮರಳು. ಇವರು ಬ್ರೇಕ್ ಒತ್ತಿದರು. ಕಾರಿನ ಹಿಂಭಾಗ ಬಲಕ್ಕೆ ಜಾರಿತು, ತಡೆಯ ಗೋಡೆ ನನ್ನ ಕಿಟಕಿಗೇ ಬಂತು. ನಾನು ಕಣ್ಣು ಮುಚ್ಚಿದೆ. ದೇವರ ಹೆಸರು ಬಾಯಿಗೆ ಬರಲಿಲ್ಲ, ಮಗಳ ಹೆಸರು ಬಂತು.

ನಿಂತಿತು. ಗೋಡೆಗೂ ಕಿಟಕಿಗೂ ನಡುವೆ ನನ್ನ ಅಂಗೈ ಹೋಗುವಷ್ಟು ಜಾಗವಿತ್ತು. ಹೊಸ ಬ್ರೇಕೇ ಉಳಿಸಿತು, ಒಪ್ಪುತ್ತೇನೆ.

ಸ್ವಲ್ಪ ಮುಂದೆ ಹೋಗಿ ಬದಿಗೆ ಹಾಕಿದೆವು. ಶ್ರಾವ್ಯ ಬಂದು ಇಳಿದಳು. ಮುಖ ಬಿಳಿಚಿತ್ತು.

"ಪಪ್ಪಾ, ನಾನು ಹಂಡ್ರೆಡ್‌ನಲ್ಲಿ ಇದ್ದೆ. ಸ್ಟಿಲ್ ನೀವು ದೂರ ದೂರ ಹೋಗ್ತಾ ಇದ್ರಿ. ವಾಟ್ ವರ್ ಯು ಡೂಯಿಂಗ್?"

ಇವರು ಎಂಬತ್ತು ಎನ್ನಲು ಬಾಯಿ ತೆರೆದವರು ತಿರುಗಿ ಮೀಟರಿನತ್ತ ನೋಡಿದರು. ಹಮೀದನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನಡೆದದ್ದನ್ನು ಕೇಳಿದ ಹಮೀದ್ ಹೇಳಿದ:

"ಅಣ್ಣಾ, ಮೀಟರಿನ ಗೇರ್ ಚೇಂಜ್ ಮಾಡ್ಲಿಕ್ಕೆ ನಮಗೆ ಮರ್ತೇ ಹೋಯ್ತಲ್ಲ."

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಈ ಹಳೇ ಕಾರಿನ ಮೀಟರ್ ಚಕ್ರ ಎಷ್ಟು ಸುತ್ತಿತು ಎಂದು ನೋಡುವುದೇ ಇಲ್ಲ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಕಬ್ಬಿಣದ ದಂಡ, ಅಂದರೆ ಶಾಫ್ಟ್, ಎಷ್ಟು ಸುತ್ತಿತು ಎಂದು ಎಣಿಸಿ ವೇಗವನ್ನು ಅಂದಾಜು ಮಾಡುತ್ತದೆ. ಹೊಸ ಆಕ್ಸಲಿನೊಳಗಿನ ಹಲ್ಲುಗಳ ಲೆಕ್ಕ ಬೇರೆ. ಶಾಫ್ಟ್ ಅಷ್ಟೇ ಸುತ್ತಿದರೂ ಚಕ್ರ ಹೆಚ್ಚು ಸುತ್ತುತ್ತದೆ. ಮೀಟರಿಗೆ ಅದು ಗೊತ್ತಿಲ್ಲ, ಪಾಪ, ಹಳೇ ಲೆಕ್ಕವನ್ನೇ ಹೇಳುತ್ತಿತ್ತು. ಬೆರಳ ತುದಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಗೇರ್ ಬದಲಿಸಿದ್ದರೆ ಸರಿಹೋಗುತ್ತಿತ್ತು. ಮುಳ್ಳು ಎಂಬತ್ತು ಎನ್ನುವಾಗ ನಾವು ನೂರು ದಾಟಿದ್ದೆವು.

ಇವರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ನಾಳೆಯೇ ಮಾರುತ್ತೇನೆ ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಹೆದರುವವರ ಮಾತು ಯಾರಿಗೆ ಬೇಕು ಹೇಳಿ? ಎದೆ ಡವಡವ ಎನ್ನುತ್ತದೆ ಎಂದರೆ ಇಸಿಜಿ ನಾರ್ಮಲ್ ಎನ್ನುತ್ತಾರೆ. ಮದುವೆಗೆ ನೋಡಿದ ಹುಡುಗ ಸರಿಯಿಲ್ಲ ಎಂದರೆ ಸಂಬಳದ ಸ್ಲಿಪ್ ತೋರಿಸುತ್ತಾರೆ. ನಮ್ಮ ಕೈಯಲ್ಲಿ ತೋರಿಸಲು ನಂಬರ್ ಇಲ್ಲ, ಬರೀ ಬೆವರು.

ಮಾರುವುದು ಬೇಡ, ಗೇರ್ ಹಾಕಿಸಿ ಎಂದೆ. ಆದರೆ ನಾನು ನಿಲ್ಲಿಸಿ ಎಂದರೆ ನಿಲ್ಲಿಸಬೇಕು, ಅಷ್ಟೇ. ಇವರು ನನ್ನ ಕೈ ಹಿಡಿದು ಆಣೆ ಮಾಡಿದರು.

ವಾಪಸ್ ಬರುವಾಗ ಶ್ರಾವ್ಯ ಮುಂದೆ, ನಿಧಾನವಾಗಿ. ನಾವು ಅವಳ ಹಿಂದೆ. ಅರ್ಧ ದಾರಿಯಲ್ಲಿ ಒಂದು ನೀರಿನ ಟ್ಯಾಂಕರ್ ಪಕ್ಕಕ್ಕೆ ಬಂದಾಗ ನನ್ನ ಬಾಯಿಂದ ನಿಲ್ಲಿಸಿ ಎಂದು ಬಂತು. ನಿಜವಾಗಿ ಹೆದರಿ ಹೇಳಿದೆನೋ, ಪರೀಕ್ಷೆ ಮಾಡಲು ಹೇಳಿದೆನೋ, ನನಗೇ ಗೊತ್ತಿಲ್ಲ.

ನಿಲ್ಲಿಸಿದರು. ಆದರೆ ಬ್ರೇಕಿನ ಮೇಲೆ ಕಾಲಿಡುವ ಮುಂಚೆ ಅವರ ಕಣ್ಣು ಒಮ್ಮೆ ಮೀಟರಿನತ್ತ ಹೋಗಿ ಬಂತು.

ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದ ಮುಳ್ಳನ್ನು ಮೊದಲು ಕೇಳಿ, ಆಮೇಲೆ ಹೆಂಡತಿಯನ್ನು ನಂಬುವ ಮನುಷ್ಯನ ಪಕ್ಕದಲ್ಲಿ ನೀವಾದರೆ ಹೆದರದೆ ಕೂರುತ್ತಿದ್ದಿರಾ?