ನಾನು ನೋಡದ ನನ್ನ ಲಾಂಚು

ಲೈಬ್ರರಿಯೊಳಗೆ ಯಾರಾದರೂ ಸೀಟಿ ಹೊಡೆಯುತ್ತಾರೆಯೇ? ನಾನು ಹೊಡೆದೆ! ಹೋದ ಶನಿವಾರ, ಮೆಲ್ಬರ್ನ್‌ನಲ್ಲಿ.

“ಅಪ್ಪ, ಮರ್ಯಾದೆ ತೆಗೀಬೇಡ!” ಎಂದಳು ಮಗಳು ಸುಮಾ. ಮೊಮ್ಮಗಳು ಅನ್ವಿ ಮಾತ್ರ “ಅಜ್ಜ, ಅಗೇನ್!” ಅಂತ ಕುಣಿದಳು. (ಏಳು ವರ್ಷ. ನನ್ನ ಬಂಗಾರ.)

ನಾನಿರುವ ಬ್ಲ್ಯಾಕ್‌ಟೌನ್‌ನ ಮಗನ ಮನೆಯಿಂದ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ಮಗಳ ಮನೆಗೆ ನಾಲ್ಕು ದಿನಕ್ಕೆ ಹೋಗಿದ್ದೆ. ಆ ಲೈಬ್ರರಿಯಲ್ಲೊಂದು ಪ್ರದರ್ಶನ. ನೂರೈವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಊರೂರು ಸುತ್ತುತ್ತ ಇಲ್ಲಿನ ಹೊಳೆಗಳ ಸ್ಟೀಮ್‌ಬೋಟುಗಳ ಚಿತ್ರಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾನೆ. ಹೊಗೆ ಉಗುಳುವ ಕೊಳವೆ, ಪಕ್ಕದಲ್ಲಿ ಮನೆಯೆತ್ತರದ ಚಕ್ರ, ಅದರಡಿ ನೊರೆ. ಸೀಟಿ ತಾನಾಗಿ ಬಂತು.

ನಾನೂ ಹೊನ್ನಾವರದ ಹೊಳೆಯಲ್ಲಿ ಹದಿನೆಂಟು ವರ್ಷ, ಜನರನ್ನು ಹೊಳೆ ದಾಟಿಸುವ ಲಾಂಚಿನ ಇಂಜಿನ್ ಓಡಿಸಿದವನು. ನಾಲ್ಕನೇ ಕ್ಲಾಸು ಓದಿದವನಿಗೆ ಅದಕ್ಕಿಂತ ದೊಡ್ಡ ನೌಕರಿ ಉಂಟೇ?

“ಅಜ್ಜ, ಐ ವಿಲ್ ಡ್ರಾ ಯುವರ್ ಬೋಟ್,” ಎಂದಳು ಅನ್ವಿ.

ಸ್ವರ್ಗಕ್ಕೆ ಮೂರೇ ಗೇಣು ನನಗೆ! ಆ ಲಾಂಚಿನದು ಒಂದು ಫೋಟೋ ಕೂಡ ಇಲ್ಲ. ಸೇತುವೆ ಬಂತು, ಲಾಂಚು ಗುಜರಿಗೆ ಹೋಯಿತು.

ಮನೆಗೆ ಬಂದು ಕೂತೆವು. ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಸುಮಾ ಕನ್ನಡ ಮಾಡುತ್ತಾಳೆ. ಬಣ್ಣ? ಹಸಿರು, ಮೇಲೊಂದು ಬಿಳಿ ಗೀಟು. ಕಿಟಕಿ? ಆ ಕಡೆ ಆರು, ಈ ಕಡೆ ಆರು. ಫಟಾಫಟ್ ಹೇಳಿದೆ.

“ಓಡುವಾಗ ನೀರು ಹೇಗೆ ಏಳ್ತಿತ್ತು ಅಂತ ಕೇಳ್ತಿದಾಳೆ, ಅಪ್ಪ.”

ಕಣ್ಣು ಮುಚ್ಚಿ ನೆನೆದೆ; ಕಂಡದ್ದು ಇಂಜಿನ್ ಕೋಣೆ ಮಾತ್ರ.

ಸಾರಂಗ, ಅಂದರೆ ಲಾಂಚು ನಡೆಸುವವನು, ಮೇಲೆ ಚುಕ್ಕಾಣಿ ಹಿಡಿದು ಗಂಟೆ ಬಾರಿಸುತ್ತಿದ್ದ. ನಾನು ಕೆಳಗೆ, ಡೀಸೆಲ್ ಹೊಗೆಯಲ್ಲಿ, ಗಂಟೆ ಕೇಳಿದಂತೆ ಇಂಜಿನ್ ಓಡಿಸುತ್ತಿದ್ದೆ. ಲಾಂಚು ದಡಕ್ಕೆ ಕಟ್ಟಿದ್ದನ್ನು ದಿನಾ ನೋಡಿದ್ದೇನೆ. ಓಡಿದ್ದನ್ನು ಒಂದು ದಿನವೂ ನೋಡಿಲ್ಲ! ಓಡುವಾಗೆಲ್ಲ ನಾನು ಅದರ ಹೊಟ್ಟೆಯೊಳಗೇ. ಆ ಪೆನ್ಸಿಲ್ ಪುಣ್ಯಾತ್ಮ ಬರೀ ದಾರಿಹೋಕ, ಅವನು ನೊರೆಯನ್ನೂ ಕಂಡ. (ಒಂದು ರಜೆ ಹಾಕಿ ದಡದಲ್ಲಿ ನಿಂತಿದ್ದರೆ ಸಾಕಿತ್ತು. ಆಗ ಬುದ್ಧಿ ಬರಬೇಕಲ್ಲ?)

“ಏನೋ ಒಂದು ಹೇಳು, ಅಪ್ಪ. ಅವಳಿಗೇನು ಗೊತ್ತಾಗುತ್ತೆ?” ಸುಮಾ ಪಿಸುಗುಟ್ಟಿದಳು.

ಸುಮಾಳ ಮುಖ ನೋಡಿದೆ. ಇವಳು ಏಳು ವರ್ಷದವಳಿದ್ದಾಗ ಹೇಗೆ ಓಡಾಡುತ್ತಿದ್ದಳು? ಅದೂ ಗೊತ್ತಿಲ್ಲ. ಆಗಲೂ ನಾನು ಇಂಜಿನ್ ಕೋಣೆಯಲ್ಲೇ ಇದ್ದೆ.

“ನಾ ನೋಡಲಿಲ್ಲ, ಮಗಾ,” ಅಂದೆ.

ಅನ್ವಿ ನೀರು ಬರೆಯಲಿಲ್ಲ. ಹಾಳೆಯನ್ನು ನನ್ನ ಬ್ಯಾಗಿಗೆ ಹಾಕಿ, “ಆಸ್ಕ್ ಸಮ್‌ವನ್, ಅಜ್ಜ,” ಎಂದಳು.

ಯಾರನ್ನು ಕೇಳಲಿ? ಸಾರಂಗ ತೀರಿಕೊಂಡ. ಇದ್ದಿದ್ದರೂ ಅವನೂ ಲಾಂಚಿನಲ್ಲೇ ಇದ್ದವನು. ಈಗ ವಾಪಸ್ಸು ಬಂದಿದ್ದೇನೆ; ಇಲ್ಲಿ ಬ್ಲ್ಯಾಕ್‌ಟೌನ್‌ನ ಮಗನ ಮನೆಯ ಮೇಜಿನ ಮೇಲೆ ಹಸಿರು ಲಾಂಚು ನೀರಿಲ್ಲದೆ ನಿಂತಿದೆ.

ಆಗ ಹೊನ್ನಾವರದ ದಡದಲ್ಲಿ ನಿಂತು ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?