ಅಣ್ಣನ ತೊಡೆ, ಮಗಳ ಕಿವಿ

ಅಣ್ಣನ ತಲೆಯೊಳಗಿನ ಗಡ್ಡೆ ಬಲು ಚುರುಕು. ಬೆಳೆಯೋಕೆ ಬೇಕಾದ ರಕ್ತನಾಳಗಳನ್ನು ತಾನೇ ಹೊಸದಾಗಿ ಎಳೆದುಕೊಳ್ಳುತ್ತಿತ್ತಂತೆ. ನಮ್ಮ ಬೀದಿಗೆ ನೀರಿನ ಪೈಪು ಬರೋಕೆ ಎಷ್ಟು ಅರ್ಜಿ ಕೊಟ್ಟೆವೋ ನೆನಪಿಲ್ಲ. ಈ ಗಡ್ಡೆಗೆ ಒಂದೂ ಬೇಕಾಗಲಿಲ್ಲ.

ಆಪರೇಷನ್ ಆಯಿತು, ರೇಡಿಯೇಷನ್ ಅನ್ನೋ ಕರೆಂಟು ಕೊಡಿಸಿದ್ದೂ ಆಯಿತು. ಆದರೂ ಅದು ಮತ್ತೆ ಬೆಳೆದು ಅಣ್ಣನ ಬಲಗೈ ಸೋತಿತು. ಆಗ ಬೆಂಗಳೂರಿನ ಡಾಕ್ಟರು ಆ ನಾಳಗಳು ಬೆಳೆಯದಂತೆ ತಡೆಯೋ ಇಂಜೆಕ್ಷನ್ ಶುರು ಮಾಡಿದರು.

"ಇದರಿಂದ ಗುಣ ಆಗಲ್ಲ. ಊತ ಇಳಿದು ಒಂದಷ್ಟು ದಿನ ಕೈ ಬರಬಹುದು. ಆದರೆ ಗಾಯ ಮಾಯೋದು ಕಷ್ಟ, ಹುಷಾರು. ನಮ್ಮನ್ನ ಕೇಳದೆ ಹಲ್ಲು ಕೂಡ ಕೀಳಿಸಬೇಡಿ" ಅಂದರು.

ಎರಡು ಡೋಸಿಗೆ ಕೈ ಬಂತು. ಅಣ್ಣನಿಗೆ ಇದ್ದ ಆಸೆ ಒಂದೇ, ನನ್ನ ಮಗಳ ಕಿವಿ ಚುಚ್ಚಿಸೋದು. ನಮ್ಮಲ್ಲಿ ಮಗು ಸೋದರಮಾವನ ತೊಡೆ ಮೇಲೇ ಕೂರಬೇಕು, ನನಗಿರೋನು ಇವನೊಬ್ಬನೇ. ಕೈ ಇರೋವಾಗಲೇ ಆಗಲಿ ಅಂತ ಅವಸರದಲ್ಲಿ ದಿನ ಗೊತ್ತುಮಾಡಿದೆವು.

ಉದ್ದನಪಲ್ಲಿಯ ಚಿಕ್ಕಮ್ಮ ಒಂದು ಚೀಲ ಬೀಟ್ರೂಟು ಹೊತ್ತು ಬಂದಳು. "ರಕ್ತ ತಡೆಯೋಕೆ ಮದ್ದಾ? ಯಾವ ಡಾಕ್ಟ್ರಲಾ ಅವ್ನು? ನಾನ್ ಊರಿಸ್ತೀನಿ ರಕ್ತ."

"ಗಡ್ಡೆಗೆ ಹೋಗೋ ದಾರಿ ಮಾತ್ರ ಮುಚ್ತಾರೆ ಚಿಕ್ಕಮ್ಮ. ನಿನ್ನ ಬೀಟ್ರೂಟು ಬೇರೆ ದಾರೀಲಿ ಬರ್ಲಿ ಬಿಡು" ಅಂದ ಅಣ್ಣ.

ಅಷ್ಟಕ್ಕೇ ಮುಗಿದಿದ್ದರೆ ಅವಳು ನಮ್ಮ ಚಿಕ್ಕಮ್ಮ ಹೇಗಾದಾಳು? ತಮಿಳು ಗಡಿಯ ದೇವಸ್ಥಾನದಲ್ಲಿ ಮಗುವಿಗಿಂತ ಮೊದಲು ಅಣ್ಣನನ್ನೇ ಕೂರಿಸಿದಳು. ಅವನ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದಳಂತೆ. ನಮಗೆ ಹೇಳೋದು ಮಾತ್ರ ಮರೆತಿದ್ದಳು. ನಾನು ನೋಡೋ ಹೊತ್ತಿಗೆ ಕ್ಷೌರಿಕ ತಲೆಗೆ ನೀರು ಹಚ್ಚಿ ಕತ್ತಿ ತೆಗೆದಿದ್ದ.

"ಕತ್ತಿ ತಾಕಿ ಗಾಯ ಆದ್ರೆ ಇಂಜೆಕ್ಷನ್ ನಿಲ್ಲಿಸ್ತಾರೆ ಚಿಕ್ಕಮ್ಮ. ಕೈ ಮತ್ತೆ ಹೋಗುತ್ತೆ" ಅಂದೆ.

"ಕೈ ಬಂದಿದ್ದು ಇಂಜೆಕ್ಷನ್ನಿಂದ ಅಂದ್ಕೊಂಡ್ಯಾ? ಹರಕೆ ಹೊತ್ತ ವಾರಕ್ಕೇ ಬಂತು."

ಕ್ಷೌರಿಕನ ಬೆರಳಿಗೆ ಆಪರೇಷನ್ನಿನ ಗೆರೆ ಸಿಕ್ಕಿತು. ಅವನು ಕತ್ತಿ ಮಡಿಸಿಟ್ಟು ಕತ್ತರಿ ಹಿಡಿದು, ತಲೆ ಬೋಳಿಸದೆ ಪೂಮುಡಿ ಕೊಟ್ಟರೂ ನಡೆಯುತ್ತೆ, ಮೂರು ಎಳೆ ಕೂದಲು ಸಾಕು, ಸ್ವಾಮಿ ಒಪ್ಪುತ್ತಾನೆ ಅಂತ ತಮಿಳಿನಲ್ಲಿ ಹೇಳಿದ.

"ಸ್ವಾಮಿ ಒಪ್ತಾನೆ, ನಾನ್ ಒಪ್ಬೇಕಲ್ಲ" ಅಂದಳು ಚಿಕ್ಕಮ್ಮ.

"ಹಂಗಾದ್ರೆ ಬಾಕಿದು ನಿನ್ನ ತಲೇಲಿ ಕೊಡು" ಅಂದ ಅಣ್ಣ.

ಚಿಕ್ಕಮ್ಮ ತನ್ನ ತುರುಬು ಮುಟ್ಟಿ ನೋಡಿಕೊಂಡಳು. ಮೂರು ಎಳೆ ಸಾಕು ಅಂತ ದೇವರಿಗೆ ಆ ಕ್ಷಣವೇ ಅನ್ನಿಸಿತು.

ಆಮೇಲೆ ಮಗಳನ್ನು ಅಣ್ಣನ ತೊಡೆ ಮೇಲೆ ಕೂರಿಸಿದೆವು. ಆಚಾರಿ ಮೊದಲ ಕಿವಿ ಚುಚ್ಚುತ್ತಲೇ ಅವಳು ಒದ್ದಾಡಿ, ಮಾವನ ಮಣಿಕಟ್ಟನ್ನು ಉಗುರಿನಿಂದ ಗೀರಿಬಿಟ್ಟಳು. ರಕ್ತ ಬಂತು. ಕತ್ತಿಯಿಂದ ಕಾಪಾಡಿದ ನನಗೆ ಮಗಳ ಉಗುರು ಕತ್ತರಿಸೋದು ಹೊಳೆದಿರಲಿಲ್ಲ. ಬಿಡು ಅಣ್ಣ ಅಂದೆ. ಎರಡನೇ ಕಿವಿ ಆಗೋವರೆಗೂ ಅವನು ಬಲಗೈ ಸಡಿಲಿಸಲಿಲ್ಲ.

ಮಗಳ ಕಿವಿ ಬೇಗ ಮಾಯಿತು. ಅಣ್ಣನ ಗೀರು ತಿಂಗಳಾದರೂ ಕೆಂಪಗೇ ಇತ್ತು. ಆ ಕೈ ಮತ್ತೆ ಸೋಲೋವರೆಗೂ ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದ. "ನನ್ನ ಸೊಸೆ ಕೆಲ್ಸ. ಎಷ್ಟು ಒದ್ದಾಡಿದ್ರೂ ಬಿಡ್ಲಿಲ್ಲ ನಾನು."