ಅವ್ವನ ಕೈಗೆ ಭತ್ತದ ತೆನೆ

ಮೈಸೂರಿನಲ್ಲಿ ಶಿಲ್ಪಕಲೆ ಓದುತ್ತಿದ್ದ ಕೊನೆಯ ವರ್ಷ, ನಮ್ಮ ವಿಶ್ವವಿದ್ಯಾಲಯ ಉದಯೋನ್ಮುಖ ಶಿಲ್ಪಿಗಳಿಗೆಂದು ಇಟ್ಟಿದ್ದ ಬಹುಮಾನ ನನಗೆ ಬಂತು. ಗೆದ್ದ ಶಿಲ್ಪವನ್ನು ಗ್ರಂಥಾಲಯದ ಮುಂದೆ ಶಾಶ್ವತವಾಗಿ ನಿಲ್ಲಿಸುತ್ತಾರೆ ಎನ್ನುವುದೇ ನಮಗೆಲ್ಲ ಅದರ ಮೇಲಿದ್ದ ಆಸೆ.

ನಾನು ಮಾಡಿದ್ದು ನಮ್ಮವ್ವನನ್ನು. ಹುಣಸೂರಿನ ಪಕ್ಕದ ನಮ್ಮೂರಿನಲ್ಲಿ ಅವಳು ಸೊಪ್ಪು ಒಣಗಿಸಿ ಹದಮಾಡುವ ಬೇರೆಯವರ ಬ್ಯಾರನ್ನು ಮನೆಗಳ ಮುಂದೆ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಸೊಪ್ಪಿನ ಅಂಟು ಮೆತ್ತಿ ಕೈ ಕಪ್ಪಾಗುತ್ತಿತ್ತು. ಎಷ್ಟು ಉಜ್ಜಿ ತೊಳೆದರೂ ಅವಳು ಕೊಟ್ಟ ತುತ್ತು ಕಹಿ. ರಜೆಗೆ ಹೋದಾಗ ಅವಳನ್ನು ಜಗಲಿಯ ಮೇಲೆ ಕೂರಿಸಿ ಜೇಡಿಮಣ್ಣಿನಲ್ಲಿ ಮಾಡತೊಡಗಿದೆ.

"ನನ್ನೇನ್ ಮಾಡೀಯೇ, ಯಾವ್ದಾರ ದೇವ್ರ ಮಾಡು," ಎಂದಳು. ಆದರೂ ಎದ್ದು ಹೋಗಲಿಲ್ಲ. ಸೊಪ್ಪು ಕಟ್ಟುತ್ತಲೇ ಕೂತಳು.

ಅದನ್ನೇ, ಕೈಯಲ್ಲಿನ ಹೊಗೆಸೊಪ್ಪಿನ ಸಮೇತ, ಕಾಲೇಜಿನಲ್ಲಿ ದೊಡ್ಡದು ಮಾಡಿ ಸಿಮೆಂಟಿನಲ್ಲಿ ಎರಕ ಹೊಯ್ದೆ. ಆ ಕೈಗಳಿಗಾಗಿಯೇ ಬಹುಮಾನ ಎಂದು ತೀರ್ಪುಗಾರರೊಬ್ಬರು ಹೇಳಿದರು.

ಮರುವಾರ ವಿಭಾಗದ ಮುಖ್ಯಸ್ಥರು ಕರೆಸಿದರು. "ಒಂದು ಸಣ್ಣ ಬದಲಾವಣೆ ಮಾಡ್ಬೇಕಮ್ಮ. ಇದು ತಂಬಾಕು ಮುಕ್ತ ಆವರಣ. ಅನಾವರಣಕ್ಕೆ ಸಚಿವರು ಬರ್ತಾರೆ. ಕೈಗೆ ಭತ್ತದ ತೆನೆ ಕೊಟ್ಬಿಡಿ."

"ನಮ್ಮವ್ವ ಯಾವತ್ತೂ ಭತ್ತದ ಕೆಲಸ ಮಾಡ್ದೋಳಲ್ಲ ಸರ್."

"ಕಲಾವಿದೆಗೆ ಸ್ವಲ್ಪ ಕಲ್ಪನೆ ಇರ್ಬೇಕು."

ಆಗುವುದಿಲ್ಲ ಎಂದೆ. ಹೆಚ್ಚೆಂದರೆ ಬಹುಮಾನ ಬೇರೆಯವರ ಪಾಲಾಗುತ್ತದೆ ಅಂದುಕೊಂಡೆ. ಆದರೆ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರೇ ಇತ್ತು. ನನ್ನ ಹಟವೇ ಗೆದ್ದಿತು ಎಂದು ಹಿಗ್ಗಿ, ಅವ್ವನಿಗೆ ಒಳ್ಳೆಯ ಸೀರೆ ಉಡಿಸಿ ಮೈಸೂರಿನ ಬಸ್ಸು ಹತ್ತಿಸಿದೆ.

ಸಚಿವರು ಬಟ್ಟೆ ಸರಿಸಿದರು. ಅವ್ವನ ಮಡಿಲಿನಲ್ಲಿ ಭತ್ತದ ತೆನೆ. ಗಂಟುಗಂಟಾದ ಬೆರಳುಗಳನ್ನು ಕೆತ್ತಿ ಹಾಕಿ, ನಾಟ್ಯದವರ ಹಾಗೆ ನೀಳವಾದ ಬೆರಳುಗಳನ್ನು ಹೊಸ ಸಿಮೆಂಟಿನಲ್ಲಿ ಮೆತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾಗಿದೆಯೆಂದು ತಿಳಿಯದೆ ಅವ್ವನೂ ತಟ್ಟಿದಳು.

ನಾನು ಮುಖ್ಯಸ್ಥರ ಬಳಿಗೆ ಹೋದೆ. "ಯಾರು ಸರ್ ಇದನ್ನ ಮುಟ್ಟಿದ್ದು?"

"ಕಾಮಗಾರಿಯವರು ಸ್ವಲ್ಪ ರಿಪೇರಿ ಮಾಡಿದಾರೆ. ಚೆನ್ನಾಗೇ ಬಂದಿದೆಯಲ್ಲ?"

"ನನ್ನ ಹೆಸರು ತೆಗೆಸಿ."

"ಕಲ್ಲಲ್ಲಿ ಕೆತ್ತಿಸಿ ಆಗಿದೆ. ಗಲಾಟೆ ಮಾಡ್ಬೇಡಿ, ಕೂತ್ಕೊಳ್ಳಿ."

ಹೋಗಿ ಅವ್ವನ ಪಕ್ಕ ಕೂತೆ. ವೇದಿಕೆಯಿಂದ ನನ್ನನ್ನು ಕರೆದರು. "ಓಗು ಮಗ, ಕರೀತಾವ್ರೆ," ಎಂದು ಅವ್ವ ನನ್ನ ತೋಳು ತಿವಿದಳು. ನಾನು ಏಳಲಿಲ್ಲ. ಕೊನೆಗೆ ನನ್ನ ಪರವಾಗಿ ಮುಖ್ಯಸ್ಥರೇ ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಫೋಟೋಗೆ ನಿಂತರು.

ವಾಪಸು ಬರುವಾಗ ಬಿಳಿಕೆರೆ ದಾಟಿದ ಮೇಲೆ ಅವ್ವ ಕೇಳಿದಳು: "ಮೊಕ ನಂದೇಯ. ಕೈ ಯಾರ್ದು ಮಗ ಅದು?"

ಯಾರದೂ ಅಲ್ಲ ಎಂದೆ.

"ನಮ್ ಕೈ ನೋಡಕ್ಕೆ ಅಸಿಂಗ ಆಯ್ತೇನೋ ಬುಡು," ಎಂದು ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಡಿದವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಈಗ ನಾನು ಕೆ.ಆರ್. ನಗರದಲ್ಲಿ ಡ್ರಾಯಿಂಗ್ ಟೀಚರ್. ಹೋದ ವರ್ಷ ವಿಭಾಗದಿಂದ ಫೋನು ಬಂತು. ಹಳೆಯ ವಿಜೇತರೆಂದು ಈ ಸಲ ನೀವೇ ತೀರ್ಪುಗಾರರಾಗಿ ಬರಬೇಕು ಎಂದರು. "ಗೆದ್ದವರ ಕೆಲಸವನ್ನ ಯಾರೂ ಮುಟ್ಟಲ್ಲ ಅಂತ ಬರೆದುಕೊಡ್ತೀರಾ?" ಎಂದು ಕೇಳಿದೆ.

ಕೇಳಿ ಹೇಳುತ್ತೇವೆ ಎಂದರು. ಮತ್ತೆ ಫೋನು ಬರಲಿಲ್ಲ.